ಒಳಲೆಯ ಎಂಜಲು

ಎಂಜಲು ಮಾಡಿದವರ ಮುಖವನ್ನು ಪಾತ್ರೆಗಳು ಮರೆಯುವುದಿಲ್ಲ. ಹಾಗಾಗಿ ವಿಧಿವಿಜ್ಞಾನದ ಫೌಂಡೇಶನ್ ವರ್ಷದಲ್ಲಿ ಮೊದಲ ಪ್ರಾಕ್ಟಿಕಲ್ಲೇ ಪಾತ್ರೆಯಿಂದ ಮುಖ ಎಬ್ಬಿಸುವುದು. ಒಬ್ಬರೇ ಬಾಯಿಟ್ಟ ಪಾತ್ರೆ ತರಲು ಪೂಣಚ್ಚ ಸರ್ ಹೇಳಿದ್ದರು. ಒಬ್ಬಳೇ ಮಗಳಾದ ಧಾತ್ರಿ, ಅಮ್ಮ ತನಗೆ ಹಾಲು ಕುಡಿಸಿದ ಬೆಳ್ಳಿ ಒಳಲೆಯನ್ನು ತಂದಿದ್ದಳು.

ಒಳಲೆಗೆ ಹಬೆ ಹಿಡಿದಳು. ಅವಳದೇ ಬೊಚ್ಚುಬಾಯಿಯ ಮುಖ ಮೂಡಿತು. ಅದರ ಪಕ್ಕದಲ್ಲೇ ಅದೇ ವಯಸ್ಸಿನ, ಅದೇ ಹೋಲಿಕೆಯ ಇನ್ನೊಂದು.

"ಇಬ್ಬರಿದ್ದಾರಲ್ಲಮ್ಮ," ಎಂದರು ಸರ್. "ಅವಳಿ ಮಕ್ಕಳು."

ಧಾತ್ರಿ ಅಲ್ಲೇ ನಿಂತು ಮನೆಗೆ ಫೋನ್ ಮಾಡಿದಳು.

"ಅಮ್ಮಾ, ಒಳಲೇಲಿ ನನ್ ಜೊತೆ ಇನ್ನೊಂದು ಮಗು ಇದೆ. ಯಾರದು?"



"ಹಬೆ ಆರಕ್ಕೆ ಬಿಡಬೇಡ ಕಣೇ," ಎಂದಳು ಅಮ್ಮ. "ನಾನು ಬರ್ತಿದೀನಿ. ಅವನದು ಅಂತ ಒಂದು ಫೋಟೋನೂ ಇಲ್ಲ."