ಅಪ್ಪಣೆ ಬಂದ ಹಾಸ್ಟೆಲು

ವಾರ್ಡನ್ ಇಂದ್ರಾಣಿ ಎಷ್ಟು ಬಡಿದು ತಳ್ಳಿದರೂ ಮಹಡಿಯ ಮೊದಲ ಕೋಣೆಯ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಚಿಲಕ ಬಿದ್ದಿತ್ತು. ಹೆಬ್ಬಾಗಿಲ ಅರಗಿನ ಮೊಹರನ್ನು ಅವಳೇ ಈ ಬೆಳಿಗ್ಗೆಯಷ್ಟೇ ಒಡೆದಿದ್ದಳು. ಕಟ್ಟಿ ಮುಗಿಸಿದಂದಿನಿಂದ ಈ ಹಾಸ್ಟೆಲಿನೊಳಗೆ ನರಪಿಳ್ಳೆಯೂ ಕಾಲಿಟ್ಟಿರಲಿಲ್ಲ.

ಸರ್ಕಾರದ ಅಪ್ಪಣೆಯಿಲ್ಲದೆ ವಿಶ್ವವಿದ್ಯಾಲಯ ಸಾಲವೆತ್ತಿ ಕಟ್ಟಡ ಕಟ್ಟುವಂತಿಲ್ಲವೆಂಬ ಕಾಯ್ದೆ, ಸುಣ್ಣಬಣ್ಣವೆಲ್ಲ ಆದ ಮೇಲೆ ಯಾರಿಗೋ ನೆನಪಾಗಿತ್ತು. ಬೀಗ ಬಿತ್ತು. ಇರಲು ಜಾಗವಿಲ್ಲದ ಹುಡುಗಿಯರು ದಿನವೂ ನರಸೀಪುರದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿ ಕ್ಲಾಸಿಗೆ ಬರುತ್ತಿದ್ದರು. ತೊಂಬತ್ತೆಂಟರ ಆಷಾಢದಲ್ಲಿ ಹರಿಗೋಲು ಮಗುಚಿತು. ಮುಳುಗಿದವರಲ್ಲಿ ಅಡುಗೆಯ ಮಂಚಮ್ಮನ ಮಗಳು ರಾಣಿಯೂ ಇದ್ದಳು. ಅಪ್ಪಣೆ ಬಂದದ್ದು ನಿನ್ನೆ.

ಬಡಗಿಯನ್ನು ಕರೆಸಿ ಒಡೆಸೋಣವೆಂದು ಇಂದ್ರಾಣಿ ತಿರುಗಿದರೆ, ಬೆನ್ನ ಹಿಂದೆಯೇ ಮಂಚಮ್ಮ ನಿಂತಿದ್ದಳು. ಪ್ರವೇಶದ ಶಾಸ್ತ್ರಕ್ಕೆಂದು ಕೆಳಗೆ ಹೊಸ ಒಲೆಯಲ್ಲಿ ಉಕ್ಕಿಸಿದ ಹಾಲಿನ ಲೋಟ ಅವಳ ಕೈಯಲ್ಲಿತ್ತು.

"ಬಡೀಬ್ಯಾಡಿ ಮೇಡಮ್ಮೋರೆ, ಮಕ್ಳು ಎದರ್ಕತವೆ."

ಲೋಟವನ್ನು ಹೊಸ್ತಿಲ ಮೇಲಿಟ್ಟು, ಬಾಗಿಲಿಗೆ ಕೆನ್ನೆ ಆನಿಸಿ, ಮಲಗಿದ ಮಗುವನ್ನು ಎಬ್ಬಿಸುವ ದನಿಯಲ್ಲಿ ಅವಳು ಹೇಳಿದಳು: "ರಾಣಿ, ಆಲು ಉಕ್ತು ಕಣ್ ಮಗ. ಸರ್ಕಾರದೋರು ಒಪ್ಪವ್ರೆ. ಇನ್ನು ಯಾರೂ ನಿಮ್ನ ಓಗಿ ಅನ್ನಾಕಿಲ್ಲ."

ಒಳಗೆ ಚಿಲಕ ಸರಿಯಿತು.