ಎಡಗಡೆಯ ಎರಡು ಚಕ್ರ

ಕಾರನ್ನು ಷೆಡ್ಡಿನೊಳಗೆ ನಿಲ್ಲಿಸಿ ಇಳಿದ ವಿಮಲಮ್ಮ ಮೊದಲು ನೋಡಿದ್ದು ಎಡಗಡೆಯ ಚಕ್ರಗಳನ್ನು. ಮುಂದಿನದರ ಅಂಚಿನುದ್ದಕ್ಕೂ ಕೆನೆ ಬಣ್ಣ ಕಿತ್ತುಹೋಗಿ ಕಬ್ಬಿಣ ಬೆಳ್ಳಗೆ ಕಾಣುತ್ತಿತ್ತು. ಹಿಂದಿನದರಲ್ಲಿ ಕಲ್ಲು ಕೊರೆದ ಮೂರು ಗೀರು. ಸುಂಕದಕಟ್ಟೆಯ ಹತ್ತಿರ ಹುಲ್ಲು ತುಂಬಿದ ಗಾಡಿಯೊಂದು ಎದುರಾಗಿತ್ತು. ದಾರಿ ಬಿಡಲು ಹೋಗಿ ಕಾರನ್ನು ಮೋರಿಯ ಕಲ್ಲಿಗೆ ಉಜ್ಜಿದ್ದಳು. ಆ ಸದ್ದು ಇನ್ನೂ ಹಲ್ಲಿನಲ್ಲೇ ಇತ್ತು.

ಗಂಡ ಚನ್ನಕೇಶವ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಕೆಲಸದ ಮೇಲೆ ಭದ್ರಾವತಿಗೆ ಹೋಗಿದ್ದವನು ಶನಿವಾರ ಬರುವವನಿದ್ದ. ಮೈದಾನದಲ್ಲಿ ಅವಳಿಗೆ ಕಾರು ಕಲಿಸಿದವನು ಅವನೇ. ಲೈಸೆನ್ಸ್ ಮಾಡಿಸಿ, ಅದನ್ನು ಸ್ನೇಹಿತರಿಗೆಲ್ಲ ತೋರಿಸಿದ್ದ. ಆದರೆ ರಸ್ತೆಗೆ ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ. “ಕಾರಿಗೆ ಒಂದು ಗೀರು ಬಿದ್ರೂ ಅಲ್ಲಿಗೆ ಮುಗೀತು. ಆಮೇಲೆ ಕೀ ಮುಟ್ಟೋ ಹಾಗಿಲ್ಲ,” ಎಂದಿದ್ದ. ಇವತ್ತು ಮಂಗಳವಾರ.

ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆ ಪಾಪಮ್ಮ ಎದ್ದು ಬಂದರು.

“ಎಲ್ಲಿ ತಗುಲಿಸ್ಕಂಡೆ?”

“ಮೋರಿಗೆ, ಅತ್ತೆ. ಅವರು ಬರೋದ್ರೊಳಗೆ ಸರಿ ಮಾಡ್ಬೇಕು.”

“ಗ್ಯಾರೇಜಿಗೆ ಕೊಡು.”

“ಗ್ಯಾರೇಜಿನೋರು ಇವರಿಗೆ ಹೇಳ್ದೆ ಇರ್ತಾರಾ?”

ಪಾಪಮ್ಮ ಬಗ್ಗಿ ಗೀರಿನ ಮೇಲೆ ಉಗುರು ಎಳೆದು ನೋಡಿದರು. “ಹಂಗಾದ್ರೆ ಬಿಚ್ಚು,” ಎಂದರು.

ಬಿಚ್ಚುವುದು ಸುಲಭವಿರಲಿಲ್ಲ. ಜಾಕಿ ಹಾಕುವ ಮೊದಲೇ ನಟ್ಟು ಸಡಿಲ ಮಾಡಬೇಕೆಂದು ಗಂಡ ಹೇಳಿದ್ದು ನೆನಪಿತ್ತು. ಆದರೆ ಒಂದು ನಟ್ಟೂ ಅಲುಗಲಿಲ್ಲ. ವಿಮಲಮ್ಮ ಸೀರೆ ಎತ್ತಿ ಕಟ್ಟಿ, ಅತ್ತೆಯ ಭುಜ ಹಿಡಿದು, ಸ್ಪ್ಯಾನರಿನ ಹಿಡಿಯ ಮೇಲೆ ಎರಡೂ ಕಾಲು ಊರಿ ನಿಂತಳು. ಆಗ ಕಿರ್ರೆಂದು ತಿರುಗಿತು. ಸೀಮೆಎಣ್ಣೆಯಲ್ಲಿ ಜಿಡ್ಡು ಒರೆಸಿ, ಎದ್ದ ಕಬ್ಬಿಣವನ್ನು ಅರದಿಂದ ತೀಡಿ, ಇಡೀ ಬುಧವಾರ ಉಪ್ಪುಕಾಗದ ಹಿಡಿದು ಉಜ್ಜಿದಳು. ಬೆರಳ ತುದಿಯ ಚರ್ಮ ಸುಲಿದು ಸಂಜೆ ಸಾರಿಗೆ ಹುಣಸೆಹಣ್ಣು ಕಿವುಚುವಾಗ ಉರಿಯಿತು.

ಬಣ್ಣ ತಗುಲದಿರಲೆಂದು ಟೈರಿಗೆ ಹಳೆಯ ಪೇಪರನ್ನು ಗಂಜಿಯಲ್ಲಿ ಅಂಟಿಸಿ, ಕೆಂಪು ಪ್ರೈಮರ್ ಹಚ್ಚಿ ಒಣಗಿಸಿದರು. ಷೆಡ್ಡಿನ ಅಟ್ಟದಲ್ಲಿ ಕಾರಿನ ಕೆನೆ ಬಣ್ಣ ಅರ್ಧ ಡಬ್ಬ ಉಳಿದಿತ್ತು. ಗುರುವಾರ ಅವಸರದಲ್ಲಿ ದಪ್ಪಗೆ ಹಚ್ಚಿದ್ದು ಗಂಟೆಯೊಳಗೆ ಸೋರಿ ತೊಟ್ಟಿಕ್ಕಿತು.

“ಗೋಡೆಗೆ ಸುಣ್ಣ ಬಳ್ದಂಗೆ ಬಳ್ದಿದೀಯ,” ಎಂದರು ಪಾಪಮ್ಮ. “ಎಲ್ಲಾ ಒರ್ಸು. ಇದ್ದೂ ಇಲ್ದಂಗೆ ಹಚ್ಚು, ಒಣಗ್ಲಿ, ಮತ್ತೆ ಹಚ್ಚು.”

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಧೂಳೇ ಹೆಚ್ಚು. ಹಸಿ ಬಣ್ಣಕ್ಕೆ ಧೂಳು ಕೂರದಿರಲೆಂದು ಪಾಪಮ್ಮ ಷೆಡ್ಡಿನ ಸುತ್ತ ಗಳಿಗೆಗೊಮ್ಮೆ ನೀರು ಚಿಮುಕಿಸಿದರು. ಶುಕ್ರವಾರ ಎರಡನೆಯ ಕೈ ಬಿತ್ತು. ಶನಿವಾರ ಬೆಳಿಗ್ಗೆ ಚಕ್ರಗಳನ್ನು ಮತ್ತೆ ಹಾಕಿ ವಿಮಲಮ್ಮ ದೂರ ನಿಂತು ನೋಡಿದಳು. ಎಡಗಡೆಯವು ಅಂಗಡಿಯಿಂದ ಈಗ ತಂದ ಹಾಗಿದ್ದವು. ಬಲಗಡೆಯವು ಮಾಸಿ ಮಂಕಾಗಿದ್ದವು.

ಮಧ್ಯಾಹ್ನ ಜಟಕಾದಿಂದ ಇಳಿದ ಚನ್ನಕೇಶವ ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು ನೇರ ಷೆಡ್ಡಿಗೆ ಹೋದ. ಕಾರನ್ನು ಒಂದು ಸುತ್ತು ಬಂದ. ಎರಡನೆಯ ಸುತ್ತಿನಲ್ಲಿ ಎಡ ಮುಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿದ. ತುದಿಗೆ ಒಂಚೂರು ಕೆನೆ ಬಣ್ಣ ಅಂಟಿತು.

“ಇದೇನು?”

ಚೆನ್ನಾಗಿ ಕಾಣಲಿ ಅಂತ ಹಚ್ಚಿದೆ ಎನ್ನಬೇಕೆಂದು ನಾಲ್ಕು ದಿನದಿಂದ ಅಂದುಕೊಂಡಿದ್ದಳು. ಅವನ ಮುಖ ನೋಡಿದಾಗ ಆ ಮಾತು ಬಾಯಿಗೆ ಬರಲಿಲ್ಲ.

“ಮಂಗಳವಾರ ಸುಂಕದಕಟ್ಟೆ ತನಕ ಓಡಿಸ್ಕೊಂಡು ಹೋಗಿದ್ದೆ. ಮೋರಿಗೆ ಉಜ್ತು. ನಾನೇ ಬಣ್ಣ ಹಾಕ್ದೆ.”

ಚನ್ನಕೇಶವ ಎದ್ದ. ಬೈಗುಳಕ್ಕೆ ಕಾದಳು. ಅವನು ಗೇಟಿನ ಕಡೆ ನೋಡಿ ದನಿ ತಗ್ಗಿಸಿದ. “ಯಾರಾದ್ರೂ ನೋಡಿದ್ರಾ?”

“ಚಕ್ರಾನಾ?”

“ನಿನ್ನ. ನೀನು ಓಡಿಸ್ತಿದ್ದದ್ದನ್ನ.”

ಅವನು ಕೇಳುತ್ತಿರುವುದೇನೆಂದು ಅವಳಿಗೆ ಹೊಳೆಯಲು ಕೊಂಚ ಹೊತ್ತು ಹಿಡಿಯಿತು. ಸುಲಿದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ದಾರೀಲಿ ಎದುರಿಗೆ ಒಂದು ಬಸ್ಸೂ ಬಂತು. ಬಸ್ಸಿನ ತುಂಬ ಜನ ನೋಡಿದ್ರು.”

“ಫ್ಯಾಕ್ಟರಿಯೋರು ಯಾರಾದ್ರೂ ಇದ್ರಾ ಅದ್ರಲ್ಲಿ?”

“ಇದ್ರೆ ಏನ್ಲಾ ಆಯ್ತು?” ಬಾಗಿಲಲ್ಲಿ ಪಾಪಮ್ಮ ನಿಂತಿದ್ದರು. “ನಿಮ್ಮಪ್ಪ ಸೊಂಟ ಮುರ್ಕಂಡು ಮಲಗಿದ್ ವರ್ಷ ಇಲ್ಲೇ ನಮ್ಮೂರು ಉಲ್ಲಾಳದಿಂದ ಮಾರ್ಕೆಟ್ಟಿಗೆ ಸೊಪ್ಪಿನ ಗಾಡಿ ಹೊಡ್ಕಂಡು ಹೋಗ್ತಿದ್ದೋಳು ನಾನು. ದಾರಿ ಉದ್ದಕ್ಕೂ ಜನ ನಿಂತು ನೋಡೋರು. ನೀನು ಹಿಂದ್ಗಡೆ ಸೊಪ್ಪಿನ್ ಮೇಲೆ ನಿದ್ದೆ ಹೊಡೀತಿದ್ದೆ.”

ಚನ್ನಕೇಶವ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತ ಸ್ನಾನಕ್ಕೆ ಹೋದ. ಅವತ್ತೆಲ್ಲ ಆ ಮಾತು ಮತ್ತೆ ಬರಲಿಲ್ಲ. ಕೀಯನ್ನೂ ಕೇಳಲಿಲ್ಲ.

ಭಾನುವಾರ ಪಾಪಮ್ಮ ಕೆಂಗೇರಿಯ ತಂಗಿ ಮನೆಗೆ ಹೋಗಬೇಕೆಂದು ಹೊರಟು ಹಿಂದಿನ ಸೀಟಿನಲ್ಲಿ ಕೂತರು. ಕೀಯನ್ನು ಕೊಡುವುದೋ ಇಟ್ಟುಕೊಳ್ಳುವುದೋ ತಿಳಿಯದೆ ವಿಮಲಮ್ಮ ಬಲಗಡೆಯ ಬಾಗಿಲ ಹತ್ತಿರ ನಿಂತಿದ್ದಳು. ಚನ್ನಕೇಶವ ಬಂದ, ಅವಳನ್ನು ನೋಡಿದ, ಕಾರನ್ನು ಬಳಸಿಕೊಂಡು ಹೋಗಿ ಎಡಗಡೆಯ ಬಾಗಿಲು ತೆಗೆದು ಕೂತ.

ಕಾರು ಗೇಟು ದಾಟಿ ದೊಡ್ಡ ರಸ್ತೆಗೆ ತಿರುಗಿದ ಕೂಡಲೇ, ತೊಡೆಯ ಮೇಲಿದ್ದ ಹ್ಯಾಟನ್ನು ತಲೆಗೆ ಹಾಕಿ ಹುಬ್ಬಿನ ತನಕ ಎಳೆದುಕೊಂಡ.