ಗೂಡಿನ ಲೋಟ

ಮಾನಸ ಎಲ್ಲರೂ ಕುಡಿಯುವ ಲೋಟದಲ್ಲೇ ಕಾಫಿ ತಂದು ಮಾವನಿಗೆ ಕೊಟ್ಟಳು. ಚೆಲುವಯ್ಯ ಅದನ್ನು ತುಟಿಗಿಡದೆ, ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ್ದ ತಮ್ಮ ಲೋಟಕ್ಕೆ ಕೈ ಚಾಚಿದರು.

ಮೂತ್ರಕೋಶದ ಕ್ಯಾನ್ಸರಿನ ಮೇಲೆ ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸಲು ಅವರಿಗೆ ಅದರೊಳಕ್ಕೇ ಜೀವಂತ ರೋಗಾಣುವಿರುವ ಟಿ.ಬಿ. ಲಸಿಕೆ ಹಾಕುತ್ತಾರೆಂದು ಕೇಳಿದ ದಿನವೇ, ತನ್ನ ಮಗಳಿಗೆ ಅಂಟೀತೆಂದು ಅವಳು ಆ ಲೋಟವನ್ನು ಬೇರೆ ಇಟ್ಟಿದ್ದಳು. ಲಸಿಕೆಯ ದಿನ ಮೂತ್ರ ಮಾಡಿದ ಮೇಲೆ ಕಕ್ಕಸಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಸಾಕು, ಎಂಜಲಿನಿಂದ ಏನೂ ಅಂಟುವುದಿಲ್ಲ ಎಂದು ಮೈಸೂರಿನ ನರ್ಸ್ ಇವತ್ತು ಅವರಿಬ್ಬರೆದುರೇ ಹೇಳಿದ್ದರು.

"ನಂಗೊತ್ತಿರ್ನಿಲ್ಲ ಮಾವ. ಇದ್ರಲ್ಲೇ ಕುಡೀರಿ," ಎಂದಳು ಮಾನಸ, ನೆಲ ನೋಡುತ್ತ.

"ಇರ್ಲಿ ಬುಡವ್ವ." ಚೆಲುವಯ್ಯ ಕಾಫಿಯನ್ನು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡರು. "ನಾನು ಚಿಕ್ಕೋನಾಗಿದ್ದಾಗ ನಮ್ ಕೇರಿಯೋರ ಲೋಟನ ಹೋಟ್ಲೋರು ಆಚೆ ಮಡಗೋರು. ನೀನು ಒಳಗೇ ಮಡಗಿದ್ದೀಯಲ್ಲ."